ಮರದ ನೆಲ ನೆಗ್ಗಿದೆಯಾ? ಪುಟ್ಟಿ ಮೆತ್ತುವ ಮೊದಲು ಎಬ್ಬಿಸಿ ನೋಡಿ

ಸುತ್ತಿಗೆ ಕೈ ಜಾರಿತು. ಅಥವಾ ಬೀರುವನ್ನು ಎಳೆಯುವಾಗ ಒಂದು ಕಾಲು ನೆಲಕ್ಕೆ ಒತ್ತಿತು. ಬಗ್ಗಿ ನೋಡಿದರೆ ನುಣುಪಾದ ಹಲಗೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ತಗ್ಗು. ಅಲ್ಲಿಂದ ಮುಂದೆ ಆ ಕೋಣೆಗೆ ಕಾಲಿಟ್ಟಾಗಲೆಲ್ಲ ಕಣ್ಣು ಹೋಗುವುದು ಅಲ್ಲಿಗೇ. ಕಿಟಕಿಯ ಬಿಸಿಲು ಓರೆಯಾಗಿ ಬಿದ್ದರಂತೂ ಆ ಪುಟ್ಟ ತಗ್ಗು ಹಳ್ಳದ ಹಾಗೆ ಕಾಣುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಪುಟ್ಟಿ ತಂದು ಮೆತ್ತುತ್ತಾರೆ. ಇಲ್ಲವೇ ಸ್ಯಾಂಡ್‌ಪೇಪರ್ ಹಿಡಿದು ಸುತ್ತಲಿನ ಮರವನ್ನೇ ಉಜ್ಜಿ ಇಳಿಸಲು ಹೋಗುತ್ತಾರೆ. ಎರಡನ್ನೂ ಮೊದಲು ಮಾಡಬೇಡಿ. ನೆಗ್ಗಿದ ಜಾಗದಲ್ಲಿ ಮರ ಕಳೆದುಹೋಗಿಲ್ಲ. ಅದು ಅಲ್ಲೇ ಇದೆ, ಅಮುಕಿಕೊಂಡು ಕೂತಿದೆ ಅಷ್ಟೆ. ಬಹಳಷ್ಟು ಸಲ ಅದನ್ನು ಮತ್ತೆ ಮೇಲಕ್ಕೆ ಎಬ್ಬಿಸಬಹುದು. ಅದಕ್ಕೆ ಬೇಕಿರುವುದು ಕೆಲವೇ ಹನಿ ನೀರು, ಒಂದು ಇಸ್ತ್ರಿ ಪೆಟ್ಟಿಗೆ, ಮತ್ತೆ ಒಂದೆರಡು ದಿನದ ಸಮಯ. ಪುಟ್ಟಿ ಎಷ್ಟೇ ಚೆನ್ನಾಗಿ ಬಣ್ಣ ಹೊಂದಿದರೂ ಅದು ಮರವಲ್ಲ. ಎದ್ದು ಬಂದ ಮರ ಮರವೇ.

ಮರ ತಾನಾಗಿ ಏಳುವುದು ಹೇಗೆ

ಮರದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ಹಲಗೆಯ ಉದ್ದಕ್ಕೂ ಒಂದರ ಪಕ್ಕ ಒಂದು ಮಲಗಿಸಿಟ್ಟ ಹುಲ್ಲುಕಡ್ಡಿಗಳ ಕಂತೆ ಅಂದುಕೊಳ್ಳಿ. ಮೇಲಿಂದ ಪೆಟ್ಟು ಬಿದ್ದಾಗ ಈ ಟೊಳ್ಳು ಕಡ್ಡಿಗಳು ಚಪ್ಪಟೆಯಾಗುತ್ತವೆ. ಹೆಚ್ಚಿನ ಕಡ್ಡಿಗಳು ತುಂಡಾಗಿರುವುದಿಲ್ಲ, ಮಡಚಿಕೊಂಡಿರುತ್ತವೆ.

ಈ ಕಡ್ಡಿಗಳನ್ನು ಗಟ್ಟಿಯಾಗಿ ಹಿಡಿದಿಡುವುದು ಲಿಗ್ನಿನ್ ಅನ್ನುವ ವಸ್ತು. ನೀರು ಕುಡಿದ ಮರದಲ್ಲಿ ಲಿಗ್ನಿನ್ ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೆತ್ತಗಾಗುತ್ತದೆ. ಒಣ ಮರದಲ್ಲಿ ಅದಕ್ಕೆ ಇನ್ನೂ ತುಂಬಾ ಜಾಸ್ತಿ ಬಿಸಿ ಬೇಕು. ಕುರ್ಚಿಯ ಬಾಗಿದ ಬೆನ್ನನ್ನು ಮಾಡುವಾಗ ಮರವನ್ನು ಹಬೆಯಲ್ಲಿಟ್ಟು ಬಗ್ಗಿಸುತ್ತಾರಲ್ಲ, ಅದರ ಗುಟ್ಟೂ ಇದೇ. ನಾವು ಮಾಡುವುದು ಅದನ್ನೇ, ಚಿಕ್ಕ ಜಾಗದಲ್ಲಿ. ನೀರು ಹೀರಿದ ಕಡ್ಡಿಯ ಗೋಡೆ ಉಬ್ಬುತ್ತದೆ, ಬಿಸಿ ತಾಗಿ ಸಡಿಲವಾಗುತ್ತದೆ, ಹಳೆಯ ಆಕಾರಕ್ಕೆ ಮರಳಲು ನೋಡುತ್ತದೆ.

ನಾರು ಕತ್ತರಿಸಿ ಹೋಗಿದ್ದರೆ ಮಾತ್ರ ಈ ಉಪಾಯ ಪೂರ್ತಿ ನಡೆಯುವುದಿಲ್ಲ. ಹಾಗಾಗಿ ಕೆಲಸಕ್ಕೆ ಮೊದಲು ಸರಿಯಾಗಿ ನೋಡಬೇಕು.

ನೆಗ್ಗೋ, ಗೀರೋ, ಚಕ್ಕೆಯೋ

ಕೋಣೆಯ ದೀಪ ಆರಿಸಿ. ಟಾರ್ಚನ್ನು ನೆಲದ ಮೇಲೇ ಮಲಗಿಸಿ, ಬೆಳಕು ಆ ಜಾಗದ ಮೇಲೆ ಅಡ್ಡಲಾಗಿ ಹಾಯುವ ಹಾಗೆ ಇಡಿ. ಮೇಲಿನಿಂದ ನೋಡಿದಾಗ ಕಾಣದ್ದೆಲ್ಲ ಈಗ ಕಾಣುತ್ತದೆ. ಪಕ್ಕದಲ್ಲಿ ಗಮನಕ್ಕೇ ಬಾರದ ಇನ್ನೆರಡು ಸಣ್ಣ ತಗ್ಗುಗಳೂ ಕಾಣಬಹುದು. ಪೆನ್ಸಿಲ್‌ನಿಂದ ಹಗುರವಾಗಿ ಸುತ್ತು ಹಾಕಿಡಿ.

ಈಗ ಮರದ ಎಳೆಗಳನ್ನು ನೋಡಿ. ಎಳೆ ತಗ್ಗಿನೊಳಗೆ ಇಳಿದು, ಆ ಕಡೆ ಮತ್ತೆ ಮೇಲೆ ಬಂದು, ಎಲ್ಲೂ ತುಂಡಾಗದೆ ಮುಂದೆ ಹೋಗಿದೆಯಾ? ಹಾಗಿದ್ದರೆ ಅದು ನೆಗ್ಗು. ಎಬ್ಬಿಸಬಹುದು. ಎಳೆ ನಡುವೆ ಕಡಿದು, ಅಂಚು ಚೂಪಾಗಿದ್ದು, ಸಿಬಿರು ಎದ್ದಿದೆಯಾ? ಅಲ್ಲಿ ಮರ ಹೋಗಿದೆ. ಅದು ಚಕ್ಕೆ ಎದ್ದ ಜಾಗ, ತುಂಬಲೇಬೇಕು. ಬರೀ ಮೇಲಿನ ಹೊಳಪಿನಲ್ಲಿ ಬಿಳಿ ಗೆರೆ ಇದ್ದು ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಬರೀ ಗೀರು. ಅದಕ್ಕೆ ನೀರು ಬಿಸಿ ಏನೂ ಬೇಡ, ಲೇಪ ಸವರಿದರೆ ಸಾಕು.

ನಿಜವಾದ ನೆಲದಲ್ಲಿ ಇವು ಬೆರೆತಿರುತ್ತವೆ. ಒಂದು ಕಡೆ ನೆಗ್ಗು, ಅದರ ತುದಿಯಲ್ಲಿ ಸಣ್ಣ ಕಡಿತ. ಆಗಲೂ ಮೊದಲು ಎಬ್ಬಿಸಿ. ಉಳಿದದ್ದನ್ನಷ್ಟೇ ತುಂಬಿ. ತುಂಬುವ ಜಾಗ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ ಎಷ್ಟೋ ಸಲ.

ಕಾಲ ಕೆಳಗಿರುವುದು ನಿಜವಾದ ಮರವೇ?

ಇದನ್ನು ತಿಳಿಯದೆ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಮರದ ಹಾಗೆ ಕಾಣುವುದೆಲ್ಲ ಮರವಲ್ಲ.

ಗಟ್ಟಿ ಮರದ ನೆಲವೆಂದರೆ ಹಲಗೆ ಮೇಲಿಂದ ಕೆಳಗಿನವರೆಗೂ ಒಂದೇ ಮರ. ಸಾಮಾನ್ಯವಾಗಿ 19 ಮಿ.ಮೀ. ದಪ್ಪ. ಇಲ್ಲಿ ಧೈರ್ಯವಾಗಿ ಕೆಲಸ ಮಾಡಬಹುದು. ಎಂಜಿನಿಯರ್ಡ್ ನೆಲದಲ್ಲಿ ಮೇಲೊಂದು ನಿಜವಾದ ಮರದ ಪದರ, ಕೆಳಗೆ ಪ್ಲೈವುಡ್ ಇರುತ್ತದೆ. ಮೇಲಿನ ಪದರ ಕೆಲವದರಲ್ಲಿ ಒಂದು ಮಿ.ಮೀ. ಕೂಡ ಇರುವುದಿಲ್ಲ, ಕೆಲವದರಲ್ಲಿ 4 ಮಿ.ಮೀ. ದಾಟುತ್ತದೆ. ನೀರು, ಬಿಸಿ ಜಾಸ್ತಿಯಾದರೆ ಪದರಗಳ ನಡುವಿನ ಅಂಟು ಬಿಡಬಹುದು. ಆದ್ದರಿಂದ ಇಲ್ಲಿ ಬಿಸಿಯೂ ಕಡಿಮೆ, ಹೊತ್ತೂ ಕಡಿಮೆ, ಉಜ್ಜುವುದಂತೂ ತೀರಾ ಕಡಿಮೆ. ಲ್ಯಾಮಿನೇಟ್ ಅಂದರೆ ಮರದ ಚಿತ್ರವನ್ನು ಅಚ್ಚು ಹಾಕಿದ ಕಾಗದದ ಮೇಲೆ ಪ್ಲಾಸ್ಟಿಕ್ ಪದರ. ಅದರ ಮೇಲ್ಪದರದಲ್ಲಿ ಏಳುವುದಕ್ಕೆ ಮರದ ನಾರೇ ಇಲ್ಲ. ಬಿಸಿ ಕೊಟ್ಟರೆ ಮೇಲಿನ ಪದರ ಹಾಳಾಗುತ್ತದೆ, ನೀರು ಒಳಹೋದರೆ ಅಡಿಯ ಹಲಗೆ ಉಬ್ಬುತ್ತದೆ. ಲ್ಯಾಮಿನೇಟ್ ಆಗಿದ್ದರೆ ಕೆಳಗೆ ಹೇಳುವ ಮೇಣದ ಕಡ್ಡಿ ಒಂದೇ ನಿಮಗೆ ದಾರಿ.

ತಿಳಿಯುವುದು ಹೇಗೆ? ಹೊಸ್ತಿಲ ಹತ್ತಿರ, ಗೋಡೆಯಂಚಿನ ಪಟ್ಟಿಯ ಕೆಳಗೆ, ಗಾಳಿಯ ಜಾಲರಿ ಕೂರಿಸಿದ ಜಾಗದಲ್ಲಿ ಹಲಗೆಯ ಕಡಿದ ತುದಿ ಕಾಣುತ್ತದೆ. ಅಲ್ಲಿ ಪದರ ಪದರವಾಗಿದ್ದರೆ ಎಂಜಿನಿಯರ್ಡ್. ಒಂದೇ ಆಗಿದ್ದರೆ ಗಟ್ಟಿ ಮರ. ಮೇಲಿನ ಗಂಟು, ಗೆರೆಗಳು ಬೇರೆ ಬೇರೆ ಹಲಗೆಗಳಲ್ಲಿ ಅಚ್ಚೊತ್ತಿದ ಹಾಗೆ ಮತ್ತೆ ಮತ್ತೆ ಕಾಣಿಸಿದರೆ ಲ್ಯಾಮಿನೇಟ್.

ಮೇಲಿನ ಲೇಪ ಯಾವುದು

ನೀರು ಮರದೊಳಗೆ ಹೋಗಬೇಕು. ಆದರೆ ನೆಲದ ಲೇಪ ಇರುವುದೇ ನೀರನ್ನು ತಡೆಯುವುದಕ್ಕೆ. ಆದ್ದರಿಂದ ಲೇಪವನ್ನು ಗುರುತಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಅದನ್ನೇ ಮತ್ತೆ ಹಚ್ಚಬೇಕಲ್ಲ, ಅದಕ್ಕೂ ಇದು ಬೇಕು.

ಮಂಚದ ಅಡಿಯಲ್ಲೋ ಬೀರುವಿನ ಹಿಂದೆಯೋ ಪರೀಕ್ಷೆ ಮಾಡಿ. ಮೊದಲು ಒಂದು ಹನಿ ನೀರು ಬಿಡಿ. ಐದು ನಿಮಿಷದಲ್ಲಿ ಹನಿ ಒಳಗಿಳಿದು ಮರ ಕಪ್ಪಾದರೆ ಲೇಪ ಎಣ್ಣೆಯದು, ಅಥವಾ ಸವೆದುಹೋಗಿದೆ. ಹನಿ ಮುತ್ತಿನ ಹಾಗೆ ನಿಂತೇ ಇದ್ದರೆ ಮುಂದಿನ ಪರೀಕ್ಷೆ. ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿ ಉಜ್ಜಿ. ಹಳದಿ ಅಥವಾ ಕಂದು ಜಿಡ್ಡು ಬಟ್ಟೆಗೆ ಬಂದರೆ ಮೇಣದ ಪಾಲಿಶ್. ಇಲ್ಲವಾದರೆ ಸ್ಪಿರಿಟ್ ಒಂದು ಹನಿ. ಜಾಗ ಅಂಟಂಟಾದರೆ ಅದು ಅರಗಿನ ಪಾಲಿಶ್. ಅದಕ್ಕೂ ಜಗ್ಗದಿದ್ದರೆ ಥಿನ್ನರ್ ಒಂದು ಹನಿ. ಆಗ ಕರಗಿದರೆ ಲ್ಯಾಕರ್. ಯಾವುದಕ್ಕೂ ಕರಗದಿದ್ದರೆ ಬಹುತೇಕ ಪಾಲಿಯುರೆಥೇನ್, ಅಂದರೆ ಒಣಗಿ ಪ್ಲಾಸ್ಟಿಕ್‌ನಂಥ ಗಟ್ಟಿ ಪದರವಾಗುವ ಲೇಪ. ಈಗಿನ ಹೆಚ್ಚಿನ ನೆಲಗಳು ಈ ಕೊನೆಯ ಬಗೆಯವೇ.

ಕಾರ್ಖಾನೆಯಲ್ಲೇ ಲೇಪ ಹಾಕಿ ಬರುವ ಹಲಗೆಗಳ ವಿಷಯ ಸ್ವಲ್ಪ ಬೇರೆ. ಅವುಗಳ ಲೇಪದಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಬೆರೆಸಿರುತ್ತಾರೆ. ಸ್ಯಾಂಡ್‌ಪೇಪರಿನಲ್ಲಿ ಉಜ್ಜಲು ಬಳಸುವ ಪುಡಿಯೂ ಅದೇ. ಹಾಗಾಗಿ ಅದನ್ನು ಉಜ್ಜಿ ತೆಗೆಯುವುದು ಬಹಳ ಕಷ್ಟ. ತೆಗೆದರೂ ಅದೇ ಹೊಳಪು ಮತ್ತೆ ಕೈಯಿಂದ ಬರುವುದಿಲ್ಲ. ಅಂಥ ನೆಲಕ್ಕೆ ಮುಂದೆ ಹೇಳುವ ಸೂಜಿಯ ಉಪಾಯವೇ ವಾಸಿ.

ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ಬಿಳಿ ಹತ್ತಿ ಬಟ್ಟೆ ಬೇಕು. ಬಣ್ಣದ ಬಟ್ಟೆ ಬೇಡ, ಬಿಸಿಗೆ ಬಣ್ಣ ಬಿಟ್ಟು ಮರಕ್ಕೆ ಹತ್ತುತ್ತದೆ. ಇಸ್ತ್ರಿ ಪೆಟ್ಟಿಗೆ, ಅದರ ಅಡಿ ಚೊಕ್ಕಟವಾಗಿರಲಿ. ಶುದ್ಧ ನೀರು, ಹನಿ ಹನಿಯಾಗಿ ಬಿಡಲು ಡ್ರಾಪರ್ ಅಥವಾ ಸೂಜಿ ತೆಗೆದ ಸಿರಿಂಜ್. 180 ಮತ್ತು 220 ನಂಬರಿನ ಸ್ಯಾಂಡ್‌ಪೇಪರ್. ಮಾಸ್ಕಿಂಗ್ ಟೇಪ್, ತೆಳುವಾದ ಸೂಜಿ, ಸಣ್ಣ ಬ್ರಷ್, ನೆಲಕ್ಕೆ ಹೊಂದುವ ಲೇಪ. ಟಾರ್ಚ್ ಅಂತೂ ಕೊನೆಯವರೆಗೂ ಪಕ್ಕದಲ್ಲಿರಲಿ.

ಸ್ಟೀಲ್ ವೂಲ್ (ಉಕ್ಕಿನ ಎಳೆಗಳ ಉಂಡೆ) ಮಾತ್ರ ಬೇಡ. ಓಕ್‌ನಂಥ ಮರದಲ್ಲಿ ಟ್ಯಾನಿನ್ ಅನ್ನುವ ಒಗರು ವಸ್ತು ಜಾಸ್ತಿ. ಕಬ್ಬಿಣದ ಚೂರು, ನೀರು, ಟ್ಯಾನಿನ್ ಮೂರೂ ಸೇರಿದರೆ ನೀಲಿಗಪ್ಪು ಕಲೆ ಏಳುತ್ತದೆ. ನೆಗ್ಗು ತೆಗೆಯಲು ಹೋಗಿ ಕಲೆ ಬರಿಸಿಕೊಂಡ ಹಾಗಾಗುತ್ತದೆ.

ಎಬ್ಬಿಸುವ ಕೆಲಸ

ಮನೆಯಲ್ಲಿ ಅದೇ ಮರದ ತುಂಡು ಹಲಗೆ ಉಳಿದಿದ್ದರೆ ಮೊದಲು ಅದರ ಮೇಲೆ ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿ, ಅಲ್ಲಿ ಕೈ ಪಳಗಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ. ಆಮೇಲೆ ನೆಲದ ಮೇಲೆ ಕೈ ನಡುಗುವುದಿಲ್ಲ.

ಒಂದು. ಸ್ವಚ್ಛ ಮಾಡಿ. ಧೂಳು, ಮರಳಿನ ಕಣ ಒರೆಸಿ. ಮೇಣದ ಪಾಲಿಶ್ ಇದ್ದರೆ ಟರ್ಪೆಂಟೈನ್‌ನಿಂದ ತೆಗೆದು ಒಣಗಲು ಬಿಡಿ. ಕಿಟಕಿ ತೆರೆದಿರಲಿ. ವಾಸನೆ ಪೂರ್ತಿ ಹೋಗುವವರೆಗೂ ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬೇಡಿ. ಟರ್ಪೆಂಟೈನ್‌ಗೆ ಬೆಂಕಿ ಹತ್ತುತ್ತದೆ.

ಎರಡು. ನೀರಿಗೆ ದಾರಿ ಮಾಡಿ. ಗಟ್ಟಿ ಮರದ ನೆಲವಾಗಿದ್ದು, ಲೇಪವನ್ನು ಮತ್ತೆ ಹಚ್ಚುವ ಮನಸ್ಸಿದ್ದರೆ, ತಗ್ಗಿನ ಒಳಗಿನ ಲೇಪವನ್ನಷ್ಟೇ ಉಜ್ಜಿ ತೆಗೆಯಿರಿ. 180 ನಂಬರಿನ ಕಾಗದದ ಚೂರನ್ನು ಪೆನ್ಸಿಲಿನ ರಬ್ಬರ್ ತುದಿಗೆ ಸುತ್ತಿಕೊಂಡರೆ ಸಣ್ಣ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಎಳೆಯ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಬೇಡ. ಹೊಳಪು ಹೋಗಿ ಮರ ಮಂಕಾಗಿ ಕಂಡರೆ ನಿಲ್ಲಿಸಿ. ಇಲ್ಲಿ ಇಳಿಸುತ್ತಿರುವುದು ಲೇಪವನ್ನು, ಮರವನ್ನಲ್ಲ.

ಕಾರ್ಖಾನೆ ಲೇಪದ ಹಲಗೆಯಾದರೆ ಅಥವಾ ಎಂಜಿನಿಯರ್ಡ್ ನೆಲವಾದರೆ ಉಜ್ಜಬೇಡಿ. ತೆಳುವಾದ ಸೂಜಿಯಿಂದ ತಗ್ಗಿನೊಳಗೆ ಐದಾರು ಚುಕ್ಕೆ ಚುಚ್ಚಿ. ಲೇಪ ದಾಟಿದರೆ ಸಾಕು, ಆಳಕ್ಕೆ ಹೋಗಬೇಕಿಲ್ಲ. ಚುಕ್ಕೆಗಳು ಎಳೆಯ ಗೆರೆಯಲ್ಲೇ ಬರಲಿ, ಆಮೇಲೆ ಮರದ ರಂಧ್ರಗಳ ಜೊತೆ ಬೆರೆತುಹೋಗುತ್ತವೆ.

ಮೂರು. ಹನಿ ಬಿಟ್ಟು ಕಾಯಿರಿ. ತಗ್ಗು ತುಂಬುವಷ್ಟು ನೀರು. ಅಕ್ಕಪಕ್ಕಕ್ಕೆ ಹರಿಯಬಾರದು, ಹಲಗೆಗಳ ಸಂದಿಗಂತೂ ಇಳಿಯಲೇಬಾರದು. ಸಂದಿ ಹತ್ತಿರವಿದ್ದರೆ ಅದರ ಮೇಲೆ ಟೇಪ್ ಅಂಟಿಸಿ. ಹತ್ತು ನಿಮಿಷ ಬಿಡಿ. ನೀರು ಇಂಗಿದರೆ ಇನ್ನೊಂದೆರಡು ಹನಿ. ಸಣ್ಣ, ಆಳವಿಲ್ಲದ ನೆಗ್ಗು ಇಷ್ಟಕ್ಕೇ ಎದ್ದುಬಿಡುವುದೂ ಉಂಟು. ಹಾಗಾಗಿ ಅವಸರ ಬೇಡ. ಟಾರ್ಚ್ ಹಾಕಿ ನೋಡಿ ಮುಂದುವರಿಯಿರಿ.

ನಾಲ್ಕು. ಬಿಸಿ ಕೊಡಿ. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಎರಡು ಮೂರು ಮಡಿಕೆ ಮಾಡಿ ತಗ್ಗಿನ ಮೇಲೆ ಇಡಿ. ಇಸ್ತ್ರಿ ಪೆಟ್ಟಿಗೆ ನಡುವಿನ ಬಿಸಿಯಲ್ಲಿರಲಿ, ಹಬೆಯ ಗುಂಡಿ ಬಂದ್ ಮಾಡಿರಿ. ಪೆಟ್ಟಿಗೆಯ ಚೂಪು ಮೂತಿಯನ್ನು ತಗ್ಗಿನ ಮೇಲಷ್ಟೇ ಒತ್ತಿ. ಐದರಿಂದ ಹತ್ತು ಸೆಕೆಂಡು. ಎತ್ತಿ. ಬಟ್ಟೆ ಸರಿಸಿ ನೋಡಿ.

ಮೊದಲ ಸಲ ಮಾಡುವವರಿಗೆ ಇದನ್ನು ವಿವರವಾಗಿ ಹೇಳಬೇಕು. ಪೆಟ್ಟಿಗೆ ತಾಗಿದ ಕೂಡಲೇ ಬಟ್ಟೆ ಚುಸ್ ಅನ್ನುತ್ತದೆ. ಬದಿಯಿಂದ ತೆಳ್ಳಗೆ ಆವಿ ಏಳುತ್ತದೆ. ಮಳೆ ಬಿದ್ದ ಮರದ ವಾಸನೆ ಬರುತ್ತದೆ. ಸದ್ದು ಕ್ರಮೇಣ ಇಳಿಯುತ್ತದೆ. ಆ ಸದ್ದು ನಿಲ್ಲುವ ಮೊದಲೇ ಎತ್ತಿಬಿಡಬೇಕು. ಏಕೆಂದರೆ ಬಟ್ಟೆ ಒದ್ದೆಯಾಗಿರುವ ತನಕ ಮರಕ್ಕೆ ತಟ್ಟುವ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿದ ಮರುಕ್ಷಣ ಬಿಸಿ ಸರ್ರನೆ ಏರುತ್ತದೆ. ಲೇಪ ಸುಡುವುದು, ಮರ ಕಂದುವುದು ಆಗಲೇ. ಸದ್ದು ನಿಂತರೆ ಬಟ್ಟೆ ಒಣಗಿತು ಅಂತ ಅರ್ಥ.

ಒಂದು ಸಲಕ್ಕೆ ಪೂರ್ತಿ ಏಳುವುದಿಲ್ಲ. ಬಟ್ಟೆಯ ಒದ್ದೆ ಭಾಗವನ್ನು ಸರಿಸಿಕೊಂಡು ಮತ್ತೆ ಒತ್ತಿ. ಮೂರು ಸಲ, ನಾಲ್ಕು ಸಲ. ಪ್ರತಿ ಸಲವೂ ಟಾರ್ಚಿನ ಅಡ್ಡ ಬೆಳಕಿನಲ್ಲಿ ನೋಡಿ. ಮೊದಲು ತಗ್ಗಿನ ಒಂದು ಬದಿಯಲ್ಲಿ ಅರ್ಧಚಂದ್ರದ ಹಾಗೆ ಕಪ್ಪು ನೆರಳಿರುತ್ತದೆ. ಎರಡನೇ ಸಲಕ್ಕೆ ಆ ನೆರಳು ತೆಳುವಾಗುತ್ತದೆ. ಮೂರನೇ ಸಲಕ್ಕೆ ಅಂಚು ಎಲ್ಲಿ ಅಂತ ಹುಡುಕಬೇಕಾಗುತ್ತದೆ. ನನ್ನ ಓದುವ ಕೋಣೆಯ ಓಕ್ ಹಲಗೆಯಲ್ಲಿ ಮೇಜಿನ ಕಾಲು ಒತ್ತಿ ಆದ ನೆಗ್ಗೊಂದಿತ್ತು. ನಾಲ್ಕನೇ ಸಲ ಬಟ್ಟೆ ಎತ್ತಿದಾಗ ಬೆರಳಾಡಿಸಿ ನೋಡಿದೆ, ಜಾಗ ಸಿಗಲಿಲ್ಲ. ಪೆನ್ಸಿಲಿನ ಸುತ್ತು ನೋಡಿ ಗುರುತು ಹಿಡಿಯಬೇಕಾಯಿತು. ಆ ಕ್ಷಣದ ಖುಷಿಯೇ ಬೇರೆ.

ತೀರಾ ಸಣ್ಣ ನೆಗ್ಗಿಗೆ ಇಸ್ತ್ರಿ ಪೆಟ್ಟಿಗೆ ದೊಡ್ಡದಾಯಿತು. ಅಂಥ ಕಡೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಒದ್ದೆ ಬಟ್ಟೆಯ ಮೇಲೆ ಒಂದೆರಡು ಸೆಕೆಂಡು ಮುಟ್ಟಿಸಿದರೆ ಸಾಕು. ಅದರ ಬಿಸಿ ಇಸ್ತ್ರಿ ಪೆಟ್ಟಿಗೆಗಿಂತ ಬಹಳ ಜಾಸ್ತಿ, ಅಲ್ಲೇ ಹಿಡಿದು ಕೂರಬೇಡಿ.

ಅರಗಿನ ಪಾಲಿಶ್ ಅಥವಾ ಲ್ಯಾಕರ್ ಇರುವ ನೆಲದಲ್ಲಿ ಸುತ್ತ ಬಿಳಿ ಮಂಜಿನಂಥ ಕಲೆ ಏಳಬಹುದು. ಲೇಪದೊಳಗೆ ತೇವ ಸಿಕ್ಕಿಕೊಂಡಾಗ ಹಾಗಾಗುತ್ತದೆ. ಗಾಬರಿ ಬೇಡ. ಕೆಲವೊಮ್ಮೆ ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ. ಹೋಗದಿದ್ದರೆ ಆ ಜಾಗಕ್ಕೆ ಹೊಸ ಲೇಪ ಬೇಕಾಗುತ್ತದೆ.

ಐದಾರು ಸಲ ಮಾಡಿದ ಮೇಲೂ ತಗ್ಗು ಅಲುಗದಿದ್ದರೆ ನಿಲ್ಲಿಸಿ. ನಾರು ಕಡಿದಿದೆ ಅಂತ ಅರ್ಥ. ಮತ್ತೆ ಮತ್ತೆ ನೀರು ಕುಡಿಸಿದರೆ ಹಲಗೆಯ ಅಂಚು ಮೇಲೆದ್ದು ಬಟ್ಟಲಿನ ಹಾಗೆ ಬಾಗುವ ಅಪಾಯವಿದೆ.

ಐದು. ಒಂದು ದಿನ ಮುಟ್ಟಬೇಡಿ. ಕಡಿಮೆ ಅಂದರೂ 24 ಗಂಟೆ. ಬಹಳ ಜನ ತಪ್ಪುವುದು ಇಲ್ಲೇ. ಒದ್ದೆ ಮರ ಉಬ್ಬಿಕೊಂಡಿರುತ್ತದೆ. ಆಗಲೇ ಉಜ್ಜಿ ಸಮ ಮಾಡಿದರೆ, ಒಣಗಿದ ಮೇಲೆ ಮರ ಕುಗ್ಗಿ ಅಲ್ಲಿ ಹೊಸ ತಗ್ಗು ಕಾಣುತ್ತದೆ. ಈ ಸಲದ್ದು ಎಬ್ಬಿಸಲಾಗದ ತಗ್ಗು, ಏಕೆಂದರೆ ಅಲ್ಲಿನ ಮರ ನಿಜವಾಗಿಯೂ ಉಜ್ಜಿ ಹೋಗಿರುತ್ತದೆ.

ಆರು. ನಯ ಮಾಡಿ. ಒಣಗಿದ ಮೇಲೆ ಬೆರಳಿಗೆ ತರಿತರಿ ಅನ್ನಿಸುತ್ತದೆ, ನೀರಿಗೆ ನಾರು ಎದ್ದಿರುತ್ತದೆ. 220 ನಂಬರಿನಿಂದ ಎಳೆಯ ಉದ್ದಕ್ಕೆ ನಾಲ್ಕೈದು ಸಲ ಹಗುರವಾಗಿ ಎಳೆದರೆ ಸಾಕು. ಮರ ಕೂದಲೆಳೆಯಷ್ಟು ಉಬ್ಬಿ ನಿಂತಿದ್ದರೆ ಒಳ್ಳೆಯದೇ, ಇದರಲ್ಲಿ ಸಮವಾಗುತ್ತದೆ. ಕೂದಲೆಳೆಯಷ್ಟು ತಗ್ಗು ಉಳಿದಿದ್ದರೆ ಬಿಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ. ನಿಂತು ನೋಡಿದರೆ ಅದು ಕಾಣುವುದಿಲ್ಲ, ಮೇಲೆ ಲೇಪ ಬಂದಾಗ ಇನ್ನೂ ಮರೆಯಾಗುತ್ತದೆ. ಕೆಲಸವಾದ ಮೇಲೆ ಧೂಳನ್ನು ಸ್ವಲ್ಪ ತೇವದ ಬಟ್ಟೆಯಿಂದ ಒರೆಸಿ.

ಏಳದ ತಗ್ಗಿಗೆ ತುಂಬುವುದು

ಮರ ಹೋಗಿರುವ ಜಾಗಕ್ಕೆ ಮಾತ್ರ ಇದು. ಮುಖ್ಯವಾಗಿ ಮೂರು ಬಗೆಯ ಸಾಮಾನು ಸಿಗುತ್ತದೆ.

ಮೇಣದ ಕಡ್ಡಿ ಎಲ್ಲಕ್ಕಿಂತ ಸುಲಭ. ಸ್ವಲ್ಪ ಬೆಚ್ಚಗೆ ಮಾಡಿ ತಗ್ಗಿಗೆ ಒತ್ತಿ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಹೆಚ್ಚಾದದ್ದನ್ನು ಕೆರೆದರೆ ಮುಗಿಯಿತು. ಜನ ಓಡಾಡದ ಮೂಲೆಗೆ, ಲ್ಯಾಮಿನೇಟ್‌ಗೆ, ಕಾರ್ಖಾನೆ ಲೇಪದ ಹಲಗೆಗೆ ಇದು ಚೆನ್ನ. ಆದರೆ ಮೇಣದ ಮೇಲೆ ಪಾಲಿಯುರೆಥೇನ್ ಹಿಡಿಯುವುದಿಲ್ಲ. ಹಾಗಾಗಿ ಲೇಪ ಹಚ್ಚುವುದಿದ್ದರೆ ಅದು ಒಣಗಿದ ಮೇಲೆ, ಕೊನೆಗೆ ಮೇಣ ತುಂಬಿ.

ಮರದ ಪುಟ್ಟಿ ಒಣಗುವಾಗ ಕುಗ್ಗುತ್ತದೆ. ಅದಕ್ಕೆ ಸ್ವಲ್ಪ ಉಬ್ಬುವ ಹಾಗೆ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಬೇಕು. 3 ಮಿ.ಮೀ.ಗಿಂತ ಆಳವಿದ್ದರೆ ಎರಡು ಪದರದಲ್ಲಿ ತುಂಬಿ. ಒಂದೇ ಸಲ ಮೆತ್ತಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಬಿರುಕು ಬಿಡುತ್ತದೆ. ತುಂಬುವ ಮೊದಲು ತಗ್ಗಿನ ಅಂಚಿನವರೆಗೂ ಟೇಪ್ ಅಂಟಿಸಿ. ಓಕ್‌ನ ರಂಧ್ರಗಳು ದೊಡ್ಡವು. ಸುತ್ತಲಿನ ರಂಧ್ರಗಳಿಗೆ ಪುಟ್ಟಿ ಸೇರಿಕೊಂಡರೆ ತೆಗೆಯುವುದು ಕಷ್ಟ, ತಗ್ಗಿಗಿಂತ ಮೂರು ಪಟ್ಟು ದೊಡ್ಡ ಮಂಕು ಮಚ್ಚೆ ಉಳಿಯುತ್ತದೆ.

ಜನ ತುಂಬಾ ಓಡಾಡುವ ಕಡೆ ಆಳವಾದ ಗುಳಿ ಬಿದ್ದಿದ್ದರೆ ಎರಡು ಭಾಗ ಬೆರೆಸುವ ಎಪಾಕ್ಸಿ ಹಾಕಿ. ಅದು ಕುಗ್ಗುವುದು ಬಹಳ ಕಡಿಮೆ, ಗಟ್ಟಿಯಾಗಿಯೂ ಇರುತ್ತದೆ. ಮರದ ಹುಡಿಗೆ ಬಿಳಿ ಅಂಟು ಕಲಸಿ ತುಂಬುವುದು ಹಳೆಯ ರೂಢಿ. ಸಣ್ಣ ಸಂದಿಗೆ ಪರವಾಗಿಲ್ಲ. ನೆಲದ ಮೇಲ್ಮೈಗೆ ನಾನು ಅದನ್ನು ಹೇಳುವುದಿಲ್ಲ. ಒಣಗಿದಾಗ ಮರಕ್ಕಿಂತ ಕಪ್ಪಾಗುತ್ತದೆ, ಆಮೇಲೆ ಬಣ್ಣವನ್ನೂ ಹೀರುವುದಿಲ್ಲ.

ಬಣ್ಣ ಆರಿಸುವಾಗ ಒಣ ಮರವನ್ನು ನೋಡಿ ಆರಿಸಬೇಡಿ. ಪಕ್ಕದ ಲೇಪವಿಲ್ಲದ ಮರಕ್ಕೆ ಟರ್ಪೆಂಟೈನ್ ಸವರಿ ನೋಡಿ. ಆಗ ಕಾಣುವ ಬಣ್ಣವೇ ಲೇಪ ಬಂದ ಮೇಲೆ ಕಾಣುವ ಬಣ್ಣಕ್ಕೆ ಹತ್ತಿರ. ಎರಡು ಬಣ್ಣಗಳ ನಡುವೆ ಅನುಮಾನ ಬಂದರೆ ಗಾಢವಾದದ್ದನ್ನು ತೆಗೆದುಕೊಳ್ಳಿ. ಗಾಢ ಮಚ್ಚೆಯನ್ನು ಕಣ್ಣು ಮರದ ಗಂಟು ಅಂದುಕೊಂಡು ದಾಟಿಹೋಗುತ್ತದೆ. ತಿಳಿ ಮಚ್ಚೆ ಪದೇ ಪದೇ ಕಣ್ಣಿಗೆ ಹೊಡೆಯುತ್ತದೆ. ತುಂಬಿದ ಜಾಗದ ಮೇಲೆ ಅತಿ ಸಣ್ಣ ಬ್ರಷ್‌ನಿಂದ ಅಕ್ಕಪಕ್ಕದ ಎಳೆಗಳನ್ನು ಎರಡು ಮೂರು ಗೆರೆಯಾಗಿ ಮುಂದುವರಿಸಿದರೆ ಮಚ್ಚೆ ಇನ್ನೂ ಚೆನ್ನಾಗಿ ಬೆರೆಯುತ್ತದೆ.

ಹಲಗೆಯೇ ಸೀಳಿದ್ದರೆ, ಗುಳಿ ಹಲಗೆಯ ಅರ್ಧ ದಪ್ಪದವರೆಗೂ ಹೋಗಿದ್ದರೆ ತುಂಬಿ ಪ್ರಯೋಜನವಿಲ್ಲ. ಆ ಒಂದು ಹಲಗೆಯನ್ನು ಕತ್ತರಿಸಿ ತೆಗೆದು ಬೇರೆ ಕೂರಿಸಬೇಕು. ಅದನ್ನು ಅನುಭವವಿರುವ ಮರಗೆಲಸದವರಿಗೆ ಬಿಡಿ.

ಲೇಪ ಮತ್ತೆ ಹಚ್ಚುವುದು

ನೆಗ್ಗು ಎದ್ದರೂ ಲೇಪ ಹೊಂದದಿದ್ದರೆ ಜಾಗ ಕಾಣುತ್ತಲೇ ಇರುತ್ತದೆ. ಬಣ್ಣಕ್ಕಿಂತ ಹೊಳಪು ಹೊಂದುವುದು ಮುಖ್ಯ. ಪೂರ್ತಿ ಹೊಳೆಯುವುದೋ, ಅರ್ಧ ಹೊಳಪೋ, ಮಂಕೋ, ನಿಮ್ಮ ನೆಲದಲ್ಲಿರುವುದನ್ನೇ ತನ್ನಿ. ಎಣ್ಣೆ ಆಧಾರದ ಪಾಲಿಯುರೆಥೇನ್ ಮರಕ್ಕೆ ಜೇನಿನ ಬಣ್ಣ ಕೊಡುತ್ತದೆ, ದಿನ ಕಳೆದಂತೆ ಇನ್ನೂ ಹಳದಿಯಾಗುತ್ತದೆ. ನೀರಿನ ಆಧಾರದ್ದು ನಿರ್ಮಲವಾಗಿರುತ್ತದೆ. ಹಳೆಯ ಜೇನುಬಣ್ಣದ ನೆಲಕ್ಕೆ ನೀರಿನದ್ದು ಹಚ್ಚಿದರೆ ಅಲ್ಲಿ ತಿಳಿಯಾದ ಕಿಟಕಿಯೊಂದು ತೆರೆದ ಹಾಗೆ ಕಾಣುತ್ತದೆ.

ಡಬ್ಬವನ್ನು ಕುಲುಕಬೇಡಿ. ಕುಲುಕಿದರೆ ಗುಳ್ಳೆ ಏಳುತ್ತದೆ, ಆ ಗುಳ್ಳೆ ನೆಲದ ಮೇಲೆ ಒಣಗಿ ತರಿಯಾಗುತ್ತದೆ. ಕಡ್ಡಿಯಿಂದ ತಳ ಮುಟ್ಟುವ ಹಾಗೆ ನಿಧಾನವಾಗಿ ಕಲಕಿ. ಮಂಕು ಹೊಳಪು ಕೊಡುವ ಪುಡಿ ತಳದಲ್ಲಿ ಕೂತಿರುತ್ತದೆ, ಅದು ಮೇಲೆ ಬರಬೇಕು.

ಚುಕ್ಕೆಯಷ್ಟು ಜಾಗಕ್ಕೆ ಚಿತ್ರ ಬರೆಯುವ ಬ್ರಷ್‌ನಿಂದ ತೆಳುವಾಗಿ ಎರಡು ಮೂರು ಪದರ ಹಚ್ಚಿ. ಜಾಗ ಸ್ವಲ್ಪ ದೊಡ್ಡದಿದ್ದರೆ ಆ ಇಡೀ ಹಲಗೆಯನ್ನು 220 ನಂಬರಿನಿಂದ ಹಗುರವಾಗಿ ಉಜ್ಜಿ, ಒಂದು ಸಂದಿಯಿಂದ ಇನ್ನೊಂದು ಸಂದಿಯವರೆಗೆ ಪೂರ್ತಿ ಹಚ್ಚಿ. ಹಲಗೆಯ ನಡುವೆ ಲೇಪ ನಿಂತರೆ ಗೆರೆ ಕಾಣುತ್ತದೆ. ಸಂದಿಯಲ್ಲಿ ನಿಂತರೆ ಗೆರೆಗೆ ಗೆರೆ ಸೇರಿಹೋಗುತ್ತದೆ. ನೀರಿನ ಆಧಾರದ ಲೇಪಕ್ಕೆ ಪದರಗಳ ನಡುವೆ ಕೆಲವು ಗಂಟೆ ಸಾಕು, ಎಣ್ಣೆಯದ್ದಕ್ಕೆ ಒಂದು ದಿನವೇ ಬೇಕಾಗಬಹುದು. ಡಬ್ಬದ ಮೇಲೆ ಬರೆದ ಹೊತ್ತನ್ನು ನಂಬಿ.

ಎಣ್ಣೆ ಅಥವಾ ಎಣ್ಣೆ-ಮೇಣದ ಲೇಪವಿರುವ ನೆಲದವರು ಅದೃಷ್ಟವಂತರು. ಬಟ್ಟೆಯಲ್ಲಿ ಸ್ವಲ್ಪ ಎಣ್ಣೆ ತೆಗೆದುಕೊಂಡು ಆ ಜಾಗಕ್ಕೆ ತಿಕ್ಕಿ, ಹತ್ತು ಹದಿನೈದು ನಿಮಿಷದ ಮೇಲೆ ಉಳಿದದ್ದನ್ನು ಒರೆಸಿದರೆ ಮುಗಿಯಿತು.

ಆ ಎಣ್ಣೆಯ ಬಟ್ಟೆಯ ಬಗ್ಗೆ ಒಂದು ಮಾತು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿಕೊಂಡು ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಒಂದೇ ಪದರವಾಗಿ ಹರವಿ ಒಣಗಿಸಿ. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.

ಲೇಪ ಮುಟ್ಟಲು ಒಣಗಿದರೂ ಒಳಗೆ ಪೂರ್ತಿ ಗಟ್ಟಿಯಾಗಲು ಹೊತ್ತು ಬೇಕು. ನೀರಿನ ಆಧಾರದ್ದಕ್ಕೆ ಒಂದು ವಾರವಾದರೂ ಬೇಕು, ಎಣ್ಣೆಯದ್ದಕ್ಕೆ ಹತ್ತಿರ ಹತ್ತಿರ ಒಂದು ತಿಂಗಳು. ಅಷ್ಟು ದಿನ ಅಲ್ಲಿ ಜಮಖಾನೆ ಹಾಸಬೇಡಿ, ಭಾರದ ಸಾಮಾನು ಎಳೆಯಬೇಡಿ.

ಮತ್ತೆ ನೆಗ್ಗದ ಹಾಗೆ

ಎಲ್ಲ ಮರವೂ ಒಂದೇ ಗಟ್ಟಿಯಲ್ಲ. ಇದನ್ನು ಅಳೆಯಲು 1906ರಲ್ಲಿ ಗೇಬ್ರಿಯಲ್ ಯಾಂಕಾ ಒಂದು ಪರೀಕ್ಷೆ ರೂಪಿಸಿದರು. 11.28 ಮಿ.ಮೀ. ಅಗಲದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಅನ್ನುವುದೇ ಆ ಅಳತೆ. ಕೆಂಪು ಓಕ್‌ಗೆ ಸುಮಾರು 1290 ಪೌಂಡ್ ಬಲ ಬೇಕು, ಬಿಳಿ ಓಕ್‌ಗೆ 1360, ಗಟ್ಟಿ ಮೇಪಲ್‌ಗೆ 1450, ಹಿಕರಿಗೆ 1820. ಕಪ್ಪು ವಾಲ್‌ನಟ್ 1010ಕ್ಕೇ ಬಗ್ಗುತ್ತದೆ. ಬಿಳಿ ಪೈನ್ ಅಂತೂ 380. ನಿಮ್ಮ ನೆಲ ಮೆತ್ತನೆ ಮರದ್ದಾದರೆ ನೆಗ್ಗು ಬೇಗ ಬೀಳುತ್ತದೆ.

ಆದರೆ ಎಂಥ ಗಟ್ಟಿ ಮರವೂ ಚೂಪು ತುದಿಗೆ ಸೋಲುತ್ತದೆ. ಭಾರ ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ಸಣ್ಣ ಜಾಗದ ಮೇಲೆ ಬೀಳುತ್ತದೆ ಅನ್ನುವುದೇ ಮುಖ್ಯ ಅಲ್ವಾ? ಮೊಳೆ ಹೊರಬಂದ ಎತ್ತರದ ಹಿಮ್ಮಡಿಯ ಚಪ್ಪಲಿ ಬೀರುವಿಗಿಂತ ಜಾಸ್ತಿ ಹಾನಿ ಮಾಡುತ್ತದೆ. ಕುರ್ಚಿ, ಮೇಜಿನ ಕಾಲುಗಳಿಗೆ ದಪ್ಪ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಬಟ್ಟೆ) ಅಂಟಿಸಿ. ಆಗಾಗ ತಿರುಗಿಸಿ ನೋಡಿ, ಮರಳು ಸೇರಿಕೊಂಡ ಫೆಲ್ಟ್ ಸ್ಯಾಂಡ್‌ಪೇಪರ್ ಇದ್ದ ಹಾಗೆ. ಭಾರದ ಬೀರುವಿನ ಕಾಲಿನಡಿ ಅಗಲವಾದ ಬಟ್ಟಲು ಇಡಿ. ಗಾಲಿ ಕುರ್ಚಿಗೆ ಮೆತ್ತನೆ ರಬ್ಬರ್ ಗಾಲಿ ಹಾಕಿಸಿ, ಕೆಳಗೆ ಚಾಪೆ ಇರಲಿ. ಸಾಮಾನು ಸಾಗಿಸುವ ದಿನ ಎಳೆಯುವುದಕ್ಕಿಂತ ಇಬ್ಬರು ಹಿಡಿದು ಎತ್ತುವುದು ಒಳ್ಳೆಯದು. ಎತ್ತಲಾಗದಿದ್ದರೆ ದಪ್ಪ ಕಂಬಳಿಯ ಮೇಲಿಟ್ಟು ಸರಿಸಿ.

ಉಳಿದ ಲೇಪದ ಡಬ್ಬವನ್ನು ಬಿಗಿಯಾಗಿ ಮುಚ್ಚಿ, ಅದರ ಮೇಲೆ ಯಾವ ಕೋಣೆಗೆ ಹಚ್ಚಿದ್ದು, ಯಾವ ಹೊಳಪು, ಯಾವ ತಾರೀಖು ಅಂತ ಬರೆದಿಡಿ. ಪಕ್ಕದಲ್ಲೇ ಆ ತುಂಡು ಹಲಗೆಯೂ ಇರಲಿ. ಮುಂದಿನ ಸಲ ಪರೀಕ್ಷೆ, ಹುಡುಕಾಟ ಎರಡೂ ತಪ್ಪುತ್ತವೆ.